ನೀರಿಗಿಳಿಸುವ ಮುನ್ನ

ಬೆಂಗಳೂರಿನ ಹೊರವಲಯದ ಒಂದು ಸ್ವತಂತ್ರ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಭಾನುವಾರ ಐವರಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಇತ್ತು. ಶನಿವಾರ ಸಂಜೆಯೇ ತೊಟ್ಟಿ ತಿಕ್ಕಿ ತೊಳೆದು ನೀರು ಬಿಟ್ಟೆವು. ತೊಟ್ಟಿ ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ. ಮೂರೂವರೆ ಅಡಿ ನೀರು ನಿಲ್ಲಬೇಕೆಂದರೆ ಹತ್ತಿರ ಹತ್ತಿರ 2,800 ಲೀಟರ್ ಬೇಕು. ಕಡಿಮೆಯಾದರೆ ಮುಳುಗಿಸುವವರು ತೀರ ಬಗ್ಗಬೇಕು, ಸೊಂಟ ಹಿಡಿಯುತ್ತದೆ. ಹೆಚ್ಚಾದರೆ ಕುಳ್ಳಗಿರುವವರ ಕಾಲು ನೆಲ ಬಿಡುತ್ತದೆ. ತಲೆಗೆ ನಾಲ್ಕು ಹನಿ ಚಿಮುಕಿಸಿದರೆ ಈ ರಗಳೆಯೇ ಇರುವುದಿಲ್ಲ. ಆದರೆ ಬೈಬಲ್ಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದ ಪ್ರಕಾರ ದೀಕ್ಷಾಸ್ನಾನವೆಂದರೆ ಕ್ರಿಸ್ತನೊಂದಿಗೆ ಹೂಣಲ್ಪಟ್ಟು ಹೊಸಬರಾಗಿ ಏಳುವುದು. ಹೂಣುವುದಾದರೆ ಪೂರ್ತಿ ಮುಚ್ಚಬೇಕು ಎಂಬುದು ಇಲ್ಲಿಯ ವಾದ.

ಈ ಸಭೆಗೆ ಬಿಷಪ್ ಇಲ್ಲ, ಮೇಲಿಂದ ಆಳುವ ಸಿನೊಡ್ ಎಂಬ ಆಡಳಿತ ಮಂಡಳಿ ಇಲ್ಲ, ನೋಡಿ ಓದಲು ಆರಾಧನಾ ಪುಸ್ತಕವೂ ಇಲ್ಲ. ಹಾಗೆಂದು ಬಂದವರನ್ನೆಲ್ಲ ನೀರಿಗಿಳಿಸುವುದಿಲ್ಲ. ಸಭಾಹಿರಿಯರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮೊದಲೇ ಕೇಳಿರುತ್ತಾರೆ: ಯೇಸು ನಿನಗೆ ಯಾರು? ಪಾಪಕ್ಕೆ ಕ್ಷಮೆ ಯಾತರಿಂದ? ಈ ನೀರು ನಿನ್ನನ್ನು ರಕ್ಷಿಸುತ್ತದೆಯೇ? ಕೊನೆಯದಕ್ಕೆ ‘ಹೌದು’ ಅಂದವರಿಗೆ ಇನ್ನಷ್ಟು ವಾರ ಪಾಠ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ನೀರು ಅದರ ಬಹಿರಂಗ ಸಾಕ್ಷಿ ಮಾತ್ರ. ಕೆಲಸ ಸಿಗಲೆಂದೋ ಹುಡುಗಿ ಮನೆಯವರು ಒಪ್ಪಲೆಂದೋ ಬಂದವರನ್ನು ಕಾಯಿಸುತ್ತಾರೆ.

ಐವರಲ್ಲಿ ಒಬ್ಬ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮನೆತನದ ಹುಡುಗ. 1947ರಲ್ಲಿ ಹಲವು ಸಭೆಗಳು ಕೂಡಿ ಆದ ಆ ಸಭೆಯಲ್ಲಿ ಶಿಶುಗಳಿಗೂ ದೀಕ್ಷಾಸ್ನಾನವುಂಟು, ದೊಡ್ಡವರಾದ ಮೇಲೆ ಆ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ದೃಢೀಕರಣ. ಇಲ್ಲಿ ಹಸುಗೂಸನ್ನು ಎತ್ತಿ ಪ್ರಾರ್ಥಿಸುತ್ತಾರಷ್ಟೇ. ಸ್ವಂತ ಬಾಯಿಂದ ನಂಬಿಕೆ ಅರಿಕೆ ಮಾಡಿದವರಿಗೆ ಮಾತ್ರ ನೀರು. ಹುಡುಗನ ತಾಯಿ, “ಮಗುವಿದ್ದಾಗಲೇ ಆಗಿದೆಯಲ್ಲ ಪಾಸ್ಟರೇ, ಮತ್ತೆ ಯಾಕೆ?” ಎಂದು ಕೇಳಿದರು. “ಅವತ್ತು ನೀವು ಮಾಡಿದ ಪ್ರಾರ್ಥನೇನ ಯಾರೂ ಅಳಿಸ್ತಿಲ್ಲಮ್ಮಾ” ಎಂದರು ಪಾಸ್ಟರು. ಮೊದಲಿನದು ಸುಳ್ಳು ಎಂದು ಪ್ರಸಂಗಪೀಠದಿಂದ ಸಾರುವ ಸಭೆಗಳೂ ಇವೆ. ಅದು ಒರಟುತನ, ಬೈಬಲ್ಲಿಗಿಂತ ಜಗಳದ ಹುರುಪೇ ಅದರಲ್ಲಿ ಜಾಸ್ತಿ.

ಬಟ್ಟೆಯ ವಿಷಯ ಹಿಂದಿನ ವಾರವೇ ಹೇಳಿಡಬೇಕು. ತೆಳು ಬಿಳಿ ಹತ್ತಿ ಒದ್ದೆಯಾದರೆ ಮೈ ಕಾಣುತ್ತದೆ, ಸೀರೆ ನೀರಲ್ಲಿ ಉಬ್ಬಿ ಕಾಲಿಗೆ ಸುತ್ತಿಕೊಳ್ಳುತ್ತದೆ. ದಪ್ಪ ಬಟ್ಟೆಯ ಚೂಡಿದಾರ ವಾಸಿ. ತೊಟ್ಟಿಯಲ್ಲಿ ನಿಂತವರು ಒಂದು ಕೈಯಲ್ಲಿ ಕರ್ಚೀಫು ಹಿಡಿದು ಮೂಗು ಮುಚ್ಚುತ್ತಾರೆ, ಇನ್ನೊಂದು ಕೈಯಿಂದ ಆ ಮಣಿಕಟ್ಟನ್ನೇ ಹಿಡಿದುಕೊಳ್ಳುತ್ತಾರೆ. ಪಾಸ್ಟರ ಎಡಗೈ ಭುಜದ ಹಿಂದೆ, ಬಲಗೈ ಆ ಕೈಗಳ ಮೇಲೆ. ಮುಳುಗುವವರು ಮೊಣಕಾಲು ಮಡಿಸಿ ಹಿಂದಕ್ಕೆ ವಾಲಬೇಕು. ಹೆದರಿಕೆಗೆ ಮಂಡಿ ಬಿಗಿಹಿಡಿದರೆ ಇಡೀ ಭಾರ ಒಂದೇ ಕೈಗೆ ಬಿದ್ದು ಇಬ್ಬರೂ ಜಾರುತ್ತಾರೆ. ಆದ್ದರಿಂದ ಗಟ್ಟಿ ಆಳೊಬ್ಬ ಇನ್ನೊಂದು ಪಕ್ಕಕ್ಕಿರಬೇಕು. ವೈರ್ ಇರುವ ಮೈಕು ತೊಟ್ಟಿಯ ಹತ್ತಿರವೂ ಸುಳಿಯಕೂಡದು. 2005ರಲ್ಲಿ ಟೆಕ್ಸಾಸಿನ ವೇಕೊದಲ್ಲಿ ದೀಕ್ಷಾಸ್ನಾನದ ನೀರಲ್ಲಿ ನಿಂತು ಮೈಕಿಗೆ ಕೈಹಾಕಿದ ಪಾಸ್ಟರೊಬ್ಬರು ಶಾಕ್ ಹೊಡೆದು ಸತ್ತರು.

ಬಟ್ಟೆ ಬದಲಿಸಿ ಬಂದವರೊಂದಿಗೆ ಕರ್ತನ ಮೇಜು, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ಬಟ್ಟಲು ಹಂಚಿಕೊಳ್ಳುವುದು. ಮುರಿಯಲು ಒಂದೇ ರೊಟ್ಟಿ. ಬಟ್ಟಲಲ್ಲಿ ವೈನ್ ಅಲ್ಲ, ಕಪ್ಪು ದ್ರಾಕ್ಷಿ ಕುದಿಸಿ ಸೋಸಿದ ರಸ; ಕುಡಿತ ಬಿಟ್ಟವರೂ ಸಭೆಯಲ್ಲಿದ್ದಾರೆ. ಆಮೇಲೆ ಎಲ್ಲರಿಗೂ ಅನ್ನ, ಸಾರು.

ಊಟದ ಸಾಲಿನಲ್ಲೇ ಒಬ್ಬ ಹುಡುಗಿ ಕೇಳಿದಳು: “ಅಂಕಲ್, ನನ್ನ ಮದುವೆ ಇಲ್ಲೇ ಮಾಡ್ತೀರಾ?” ಪಂಗಡವಿಲ್ಲದ ಸಭೆಗಳು ತಡವರಿಸುವುದು ಇಲ್ಲೇ. 1872ರ ಕ್ರೈಸ್ತ ವಿವಾಹ ಕಾಯ್ದೆಯಡಿ ಲೈಸೆನ್ಸ್ ಇದ್ದರೆ ಪಾಸ್ಟರು ಮಾಡಿಸಿದ ಮದುವೆಗೆ ಕಾನೂನಿನ ಬಲ. ಇಲ್ಲವಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಶೇಷ ವಿವಾಹ ಕಾಯ್ದೆಯ ಪ್ರಕಾರ 30 ದಿನಗಳ ನೋಟಿಸ್ ಕೊಟ್ಟು ರಿಜಿಸ್ಟರ್ ಮಾಡಿಸಿ, ಸಭೆಯಲ್ಲಿ ಪ್ರಾರ್ಥನೆ ಇಟ್ಟುಕೊಳ್ಳಬೇಕು. ಹಿರಿಯರು ಅವಳಿಗೆ ಹೇಳಿದ್ದು ಎರಡನೆಯ ದಾರಿಯನ್ನು: ಮೊದಲು ಕಚೇರಿ, ಆಮೇಲೆ ಛತ್ರ ಬುಕ್ ಮಾಡಿ.