ಅಧಿಕ ಮಾಸದ ಅಳಿಯ

ಹೋದ ತಿಂಗಳು ನಮ್ಮ ಅಕ್ಕನ ಮಗ ಫೋನ್ ಹಚ್ಚಿ, "ಮಾಮಾ, ನಿಮ್ಮ ಜಿಮೇಲ್ ಐಡಿ ಹೇಳ್ರಿ, ಅತ್ತೀದೂ ಹೇಳ್ರಿ, ಹಂಗ ಅಜ್ಜಿ ಫೋನಿನಾಗ ಯಾವ ಐಡಿ ಹಾಕೀರಿ ಅದೂ ಬೇಕು" ಅಂದ. ನನಗ ಎದಿ ಧಸಕ್ ಅಂತು, ಹುಡುಗ ಯಾರ್ದೋ ಕೈಯಾಗ ಸಿಕ್ಕು ಓಟಿಪಿ ಫ್ರಾಡ್ ಗೀಡ್ ಮಾಡಾಕತ್ತಾನೇನೋ ಅಂತ. ಕೇಳಿದ್ರ ಅದೇನಲ್ಲ, ಅಂವ ಒಂದು ಆ್ಯಪ್ ಮಾಡ್ಯಾನ, ಮಹಾಲಿಂಗಪುರ ಮಾರ್ಕೆಟ್ಟಿನಾಗ ಇವತ್ತು ಬೆಲ್ಲ ಕ್ವಿಂಟಲ್‌ಗೆ ಎಷ್ಟಕ್ಕ ಹೋತು ಅಂತ ತೋರ್ಸೂ ಆ್ಯಪ್. ಅದನ್ನ ಪ್ಲೇ ಸ್ಟೋರಿಗೆ ಹಾಕ್ಬೇಕಂದ್ರ 25 ಡಾಲರ್ ಕಟ್ಟಿದ್ರ ಮುಗೀಲಿಲ್ಲ, 2023ರ ನವೆಂಬರ್ 13ರ ಆಮ್ಯಾಲ ಪರ್ಸನಲ್ ಅಕೌಂಟ್ ತೆಗೆದವ್ರು ಮೊದ್ಲ ಟೆಸ್ಟರ್ ಮಂದೀನ ಹುಡುಕ್ಬೇಕು, ಅವ್ರು 14 ದಿನ ಬಿಡದಂಗ ಟೆಸ್ಟಿನಾಗ ಇರ್ಬೇಕು, ಇದು ಗೂಗಲ್ ರೂಲು. ಮೊದ್ಲ 20 ಮಂದಿ ಬೇಕಿತ್ತಂತ, 2024ರ ಡಿಸೆಂಬರ್‌ದಾಗ 12ಕ್ಕ ಇಳಿಸ್ಯಾರ. "ಆ್ಯಪ್ ಬರ್ಯಾಕ ಒಂದು ವಾರ ಹತ್ತಿತು ಮಾಮಾ, ಈ 12 ಮಂದೀನ ಹುಡುಕಾಕ ಎರಡು ವಾರ ಆತು" ಅಂದ ಪಾಪ.

ನನಗ ನಗು ತಡೀಲಿಲ್ಲ. 2012ರಾಗ ಇದೇ ಆ್ಯಪ್ ಬರಿಯೂ ಹುಡುಗ್ರಿಗೆ ಇದ್ದ ಮರ್ಯಾದಿ ನೆನಪಾತು. ಅಧಿಕ ಮಾಸದಾಗ ಅಳಿಯಾಗ ಇರ್ತೈತಲ್ಲ, ಹಂಗ. ಕರಿಯೂದೇನು, ಹೊಸ ಅರಿವಿ ಕೊಡೂದೇನು, ತಾಟಿನಾಗ 33 ಅನಾರಸ ಇಟ್ಟು ಕೊಡೂದೇನು. (ಆ ವರ್ಷ ಖರೇನ ಅಧಿಕ ಭಾದ್ರಪದ ಬಂದಿತ್ತು, ಅದು ಬ್ಯಾರೆ ಮಾತು.)

ಆಗ ನಾ ಬಾಗಲಕೋಟ್ಯಾಗ ಇಂಜಿನಿಯರಿಂಗ್ ಓದಾಕತ್ತಿದ್ದೆ, ಸಂಜಿಮುಂದ ನವನಗರದಾಗ ನಮ್ಮ ಸೋದರಮಾವನ ಮೊಬೈಲ್ ಅಂಗಡ್ಯಾಗ ಕುಂದ್ರತಿದ್ದೆ. ಅಂಗಡಿ ಅಂದ್ರ ಎಂಟು ಫೂಟ ಅಗಲ, ಮುಂದ ಗಾಜಿನ ಕೌಂಟರ್, ಅದರೊಳಗ ಡಮ್ಮಿ ಪೀಸು, ಮೂಲ್ಯಾಗ ಒಂದು ಹಳೇ ಕಂಪ್ಯೂಟರ್. ರಿಚಾರ್ಜ್‌ನಾಗ ಉಳಿಯೂದು ಚಿಲ್ಲರ್, ಖರೆ ರೊಕ್ಕ ಬರ್ತಿದ್ದದ್ದು ಆ ಕಂಪ್ಯೂಟರಿನಿಂದ. ಮೆಮರಿ ಕಾರ್ಡ್ ತಂದು ಕೊಟ್ರ ಜಾನಪದ ಹಾಡು, ಭಜನಿ ಪದ, ಎರಡು ಸಿನಿಮಾ ತುಂಬಿ ಕೊಡೂದು, 30 ರೂಪಾಯಿ. ಗೇಮು, ಆ್ಯಪು ಎಲ್ಲಾ ಹಂಗ. ನೆಟ್ ಪ್ಯಾಕ್ ಹಾಕ್ಸಿ ಸ್ಟೋರಿನಿಂದ ಇಳಿಸ್ಕೊಳ್ಳೂದು ಆಗ ಯಾರ ಕೈಲೆ ಆಗ್ತಿತ್ತು, ಮಾಮಾನ ಡಿ ಡ್ರೈವ್ ಅಷ್ಟ ಊರಿಗೆ ಆ್ಯಪ್ ಸ್ಟೋರ್. ಆಪಲ್‌ನವ್ರು 2008ರ ಜುಲೈದಾಗ 500 ಆ್ಯಪ್ ಇಟ್ಕೊಂಡು ಅಂಗಡಿ ತೆಗೆದ್ರು, ನಮ್ಮ ಮಾಮಾ ಒಂದು 40 ಇಟ್ಕೊಂಡು ನಡಸ್ತಿದ್ದ. ಅವ್ರು ಮಾರಿದ್ದರಾಗ 30 ಪರ್ಸೆಂಟ್ ಹಿಡ್ಕೊಂಡು ಉಳಿದಿದ್ದು ಬರೆದಾಂವಗ ಕೊಡ್ತಿದ್ರು, ಮಾಮಾ ನೂರಕ್ಕ ನೂರು ತಾನ ಇಟ್ಕೊಳ್ತಿದ್ದ. ಪೈರಸಿ ಗಿಯ್ರಸಿ ಅಂತ ಈಗ ಬೈಬ್ಯಾಡ್ರಿ, ಬೈದ್ರೂ ಮಾಮಾಗ ಬೈರಿ.

ಕೌಂಟರಿಗೆ ಬಂದವ್ರು ಯಾರೂ ಪ್ರೊಸೆಸರ್ ಕೇಳ್ತಿರಲಿಲ್ಲ. ಬ್ಯಾಟರಿ ಎಷ್ಟು ದಿನ ಬರ್ತೈತಿ, ಟಾರ್ಚ್ ಐತೇನು, ಡಬಲ್ ಸಿಮ್ ಐತೇನು, ಇಷ್ಟ. ಆಮ್ಯಾಲ ನೋಡ್ನೋಡ್ತ ಪ್ರಶ್ನೆ ಬದಲಾತು. ಹೆಗಲ ಮ್ಯಾಲ ಟಾವೆಲ್ ಹಾಕ್ಕೊಂಡು ಬಂದ ಹಿರೇರೂ ಡಬ್ಬಿ ತಿರುವಿ ಮುರುವಿ ನೋಡಿ "ತಮ್ಮಾ, ಇದ್ರಾಗ ವಾಟ್ಸಾಪ್ ನಡೀತೈತೇನು" ಅನ್ನಾಕತ್ರು. ನಡೀತೈತ್ರೀ ಕಾಕಾ ಅಂದ್ರ ರೊಕ್ಕ ತೆಗೀತಿದ್ರು, ಇಲ್ಲಂದ್ರ ಮಗ್ಗಲ ಅಂಗಡಿ. 2013ರಾಗ ನೋಕಿಯಾ ಆಶಾ 210 ಅಂತ ಒಂದು ಸೆಟ್ ಬಂತು, ಅದರ ಕೀಪ್ಯಾಡಿನಾಗ ವಾಟ್ಸಾಪಿಗೆ ಅಂತನ ಒಂದು ಬಟನ್ ಕೂರ್ಸಿದ್ರು. ನಾ ಆ ಬಟನ್ ಮ್ಯಾಲ ಹೆಬ್ಬೆಟ್ಟು ಇಟ್ಟು ಎಷ್ಟೋ ಹೊತ್ತು ನೋಡ್ಕೋತ ಕುಂತಿದ್ದೆ. 1100 ಅನ್ನೂ ಒಂದ ಮಾಡೆಲ್ಲು 25 ಕೋಟಿ ಮಾರಿದ ಕಂಪನಿ, ನೂರು ಮಂದಿನೂ ಇಲ್ಲದ ಕಂಪನಿ ನಡಸಾಕತ್ತಿದ್ದ ಆ್ಯಪಿಗೆ ತನ್ನ ಕೀಪ್ಯಾಡಿನಾಗ ಮಣಿ ಹಾಕಿ ಕೂರಿಸ್ತು ಅಂದ್ರ ಗಾಳಿ ಯಾವ ಕಡೆ ಬೀಸಾಕತ್ತೈತಿ ಅಂತ ಬ್ಯಾರೆ ಹೇಳೂದು ಬ್ಯಾಡ. ಮರುವರ್ಷ ಫೆಬ್ರುವರಿದಾಗ ಫೇಸ್‌ಬುಕ್ ಆ ಆ್ಯಪಿಗೆ 1,900 ಕೋಟಿ ಡಾಲರ್ ಕೊಡ್ತೀನಂತು.

ಇದು ಗಿರಾಕಿ ಕಡೆ ಕತಿ. ಆ ಕಡೆ ಆ್ಯಪ್ ಬರಿಯೂ ಮಂದೀನ ಒಲಿಸ್ಕೊಳ್ಳಾಕ ನಡೆದಿದ್ದು ಇದಕ್ಕಿಂತ ಮಜಾ.

2011ರ ಫೆಬ್ರುವರಿದಾಗ ನೋಕಿಯಾದ ಸಿಇಒ ಸ್ಟೀಫನ್ ಇಲಾಪ್ ತನ್ನ ನೌಕರ್ರಿಗೆ ಒಂದು ಪತ್ರ ಬರೆದ, ಸಮುದ್ರದಾಗ ಎಣ್ಣಿ ತೆಗಿಯೂ ಅಟ್ಟಕ್ಕ ಬೆಂಕಿ ಹತ್ತೇತಿ, ಮ್ಯಾಲ ನಿಂತಾಂವ ತಣ್ಣನ ನೀರಿಗೆ ಜಿಗೀಬೇಕು ಇಲ್ಲಾ ಸುಟ್ಟು ಹೋಗ್ಬೇಕು, ನಮ್ಮ ಹಣೇಬಾರನೂ ಹಂಗ ಆಗೇತಿ ಅಂತ. ಎದುರಿನವ್ರು ನಮ್ಮನ್ನ ಬರೇ ಫೋನಿನಿಂದ ಸೋಲಿಸಾಕತ್ತಿಲ್ಲ, ಆ್ಯಪು, ಡೆವಲಪರ್ರು, ಸರ್ವಿಸು ಹಿಂಗ ಇಡೀ ದಂಡು ಕಟ್ಕೊಂಡು ಬಂದಾರ ಅನ್ನೂದು ಅವನ ಮಾತಿನ ಅರ್ಥ. ಅದ ತಿಂಗಳು 11ನೇ ತಾರೀಖು, ನಮ್ಮ ಸೆಟ್ಟಿಗೆ ನಿಮ್ಮ ವಿಂಡೋಸ್ ಫೋನ್ ಸಾಫ್ಟ್‌ವೇರ್ ಹಾಕ್ತೀವಂತ ಮೈಕ್ರೋಸಾಫ್ಟ್ ಸಂಗಟ ಕೈ ಜೋಡ್ಸಿದ್ರು. ಜಿಗಿದ್ರು ಖರೆ, ನೀರಿನಾಗ ಆ್ಯಪ ಇರಲಿಲ್ಲ.

ಅದಕ್ಕ ಶುರು ಆತು ನೋಡ್ರಿ ಅಧಿಕ ಮಾಸ. 2012ರ ಸೆಪ್ಟೆಂಬರ್‌ದಾಗ ಮೈಕ್ರೋಸಾಫ್ಟ್‌ನವ್ರು ವಿಂಡೋಸ್ 8 ಸಲುವಾಗಿ ಬೆಂಗಳೂರಾಗ ಆ್ಯಪ್‌ಫೆಸ್ಟ್ ಇಟ್ರು, ಒಂದ ಛಾವಣಿ ಕೆಳಗ 2,567 ಮಂದಿ ಕುಂತು ಕೋಡ್ ಬರೆದು ಗಿನ್ನೆಸ್ ದಾಖಲೆ ಮಾಡಿದ್ರು. ನಮ್ಮ ಕ್ಲಾಸಿನ ನಾಲ್ಕು ಹುಡುಗ್ರೂ ರಾತ್ರಿ ಬಸ್ ಹಿಡ್ದು ಹೋಗಿ ಬಂದ್ರು. ಬಂದ ಮ್ಯಾಲ ಕೋಡ್ ಸುದ್ದಿ ಯಾರೂ ಮಾತಾಡ್ಲಿಲ್ಲ, ಊಟದ್ದ ವರ್ಣನಿ ಒಂದು ವಾರ ನಡೀತು, ಟೀ ಶರ್ಟ್ ಅಂತೂ ಸೆಮಿಸ್ಟರ್ ಪೂರ್ತಿ ಮೈಮ್ಯಾಲಿಂದ ಇಳೀಲಿಲ್ಲ. ಸ್ಟೂಡೆಂಟ್ ಆಗಿದ್ರ ಡೆವಲಪರ್ ಅಕೌಂಟೂ ಪುಕ್ಕಟ್ಟ ಕೊಡ್ತಿದ್ರು, ನಾನೂ ಒಂದು ತೆಗೆದೆ. ಆಪಲ್ ಕಡೆ ಆದ್ರ ವರ್ಷಕ್ಕ 99 ಡಾಲರ್ ಕಟ್ಬೇಕು, ಅಷ್ಟು ರೊಕ್ಕ ನಮ್ಮಪ್ಪನ ಮುಂದ ಕೇಳೂ ಧೈರ್ಯ ಯಾರಿಗಿತ್ತು.

ಬಾಗಲಕೋಟಿ ಬಸ್‌ಸ್ಟ್ಯಾಂಡಿಗೆ ಹೋಗಿ ಬೋರ್ಡ್ ಮ್ಯಾಲಿನ ಟೈಮಿಂಗ್ ಎಲ್ಲಾ ನೋಟ್‌ಬುಕ್ಕಿನಾಗ ಬರ್ಕೊಂಡು, ಕಂಟ್ರೋಲರ್ ಒಬ್ರು "ಯಾರಪಾ ನೀ, ಯಾವ ಪೇಪರ್‌ನಾಂವ" ಅಂತ ಜಬರ್ಸಿದ್ರೂ ಬಿಡದ, ಬಸ್ ಟೈಮ್ ತೋರ್ಸೂ ಆ್ಯಪ್ ಮಾಡಿ ವಿಂಡೋಸ್ ಫೋನ್ ಸ್ಟೋರಿಗೆ ಹಾಕಿದೆ. ಒಟ್ಟು 41 ಡೌನ್‌ಲೋಡ್ ಆದ್ವು, ಅದ್ರಾಗ 19 ಬ್ರೆಜಿಲ್‌ದವು. ಅವ್ರಿಗೆ ಮುಧೋಳ ಬಸ್ಸು ಎಷ್ಟಕ್ಕ ಐತಿ ಅಂತ ಯಾಕ ಬೇಕಿತ್ತೋ ಬನಶಂಕರಿಗೇ ಗೊತ್ತು. ಆದ್ರ ಸ್ಟೋರಿನ ಲೆಕ್ಕದಾಗ ನನ್ನದೂ ಒಂದು ಆ್ಯಪ್ ಆತಲ್ಲ, ಅವ್ರಿಗೆ ಬೇಕಿದ್ದದ್ದೂ ಅಷ್ಟ.

ಬ್ಲ್ಯಾಕ್‌ಬೆರಿಯವ್ರು ಇನ್ನೂ ಒಂದು ಹೆಜ್ಜಿ ಮುಂದ. 2013ರ ಜನವರಿದಾಗ ತಮ್ಮ ಹೊಸ ಫೋನ್ ಸಾಫ್ಟ್‌ವೇರ್ ಬಿಬಿ10 ಬರೂ ಮೊದ್ಲ, ನಿಮ್ಮ ಹಳೇ ಆ್ಯಪ್ ನಮ್ಮ ಕಡೆ ತರ್ರಿ, ಪಾಸಾದ್ದಕ್ಕ ಒಂದೊಂದಕ್ಕ 100 ಡಾಲರ್ ಅಂದ್ರು. ಮೂವತ್ತೇಳೂವರಿ ತಾಸಿನಾಗ 15,000 ಆ್ಯಪ್ ಬಂದು ಬಿದ್ವು. ಚಲೋ ಆ್ಯಪ್ ಮಾಡಿ ಮೊದಲ ವರ್ಷ 1,000 ಡಾಲರ್ ಗಳಿಸಿದ್ರ, 10,000ಕ್ಕ ಎಷ್ಟು ಕಡಿಮಿ ಬಿತ್ತೋ ಅಷ್ಟು ನಾವ ತುಂಬಿ ಕೊಡ್ತೀವಂತ ಗ್ಯಾರಂಟಿನೂ ಕೊಟ್ಟಿದ್ರು. ಇಷ್ಟೆಲ್ಲಾ ಮಾಡಿ ಆ ವರ್ಷ ಆಗಸ್ಟ್‌ದಾಗ ಯಾರೋ ಲೆಕ್ಕ ತೆಗೆದು ನೋಡಿದ್ರ, 1,20,000 ಆ್ಯಪಿನಾಗ ಹತ್ರತ್ರ 47,000 ಹಾಂಗ್‌ಕಾಂಗ್‌ದ ಒಂದ ಕಂಪನಿಯವು! ಸಂತ್ಯಾಗ ಒಬ್ಬಾಕಿನ ನೂರು ಬುಟ್ಟಿ ಇಟ್ಕೊಂಡು ಎಲ್ಲಾದ್ರಾಗೂ ಅದ ಬದನಿಕಾಯಿ ಹಾಕ್ಕೊಂಡು ಕುಂತಂಗ.

ನಾ ಕೌಂಟರ್ ಹಿಂದ ಕುಂತು ಕಂಡದ್ದು ಇಷ್ಟು. ಆ್ಯಪ್ ಎಷ್ಟು ಅದಾವು ಅಂತ ಗಿರಾಕಿ ಎಣಸಂಗಿಲ್ಲ, ಮಗ್ಗಲ ಮನಿಯಾಂವನ ಫೋನಿನಾಗ ಇದ್ದದ್ದು ತನ್ನದ್ರಾಗ ಐತೋ ಇಲ್ಲೋ ಅಷ್ಟ ನೋಡ್ತಾನ. ಬನಶಂಕರಿ ಜಾತ್ರ್ಯಾಗ ಬಳಿ ಅಂಗಡಿ, ಮಿಠಾಯಿ ಅಂಗಡಿ ನೂರಾರು ಇದ್ದು ನಾಟಕ ಕಂಪನಿ ಒಂದೂ ಬರ್ಲಿಲ್ಲಂದ್ರ ಜಾತ್ರಿ ಅಂತಾರೇನು? ವಿಂಡೋಸ್ ಫೋನಿನ ಹಣೇಬಾರ ಅದ ಆತು. ಯೂಟ್ಯೂಬ್ ಆ್ಯಪ್ ಗೂಗಲ್‌ನವ್ರು ಮಾಡಿ ಕೊಡ್ಲಿಲ್ಲ, ಮೈಕ್ರೋಸಾಫ್ಟ್ ತಾನ ಮಾಡಿದ್ರ 2013ರಾಗ ಅದನ್ನೂ ಬಂದ್ ಮಾಡಿದ್ರು. ಇನ್‌ಸ್ಟಾಗ್ರಾಂ ಐಫೋನಿಗೆ 2010ರಾಗ ಬಂದಿದ್ದು ಇಲ್ಲಿಗೆ ಬರಾಕ 2013ರ ನವೆಂಬರ್ ಆತು. ಬರಿಯೂ ಮಂದೀನೂ ಎಷ್ಟು ಸಲ ಅಂತ ಬರೀತಾರ, ವಿಂಡೋಸ್ ಫೋನ್ 7ಕ್ಕ ಒಂದು ನಮೂನಿ, 8 ಬಂದಾಗ 7ರ ಫೋನಿಗೆ ಅಪ್‌ಡೇಟ ಇಲ್ಲ, ಮುಂದ 10ಕ್ಕ ಮತ್ತೊಂದು ನಮೂನಿ. ನೂರು ಡಾಲರ್ ಒಂದ ಸಲ ಬರ್ತೈತಿ, ಗಿರಾಕಿ ಇದ್ರ ದಿನಾ ಬರ್ತಾರ.

ಅದ ಹೊತ್ತಿಗೆ ಮೈಕ್ರೋಮ್ಯಾಕ್ಸ್, ಕಾರ್ಬನ್ ಅಂತ ಅಗ್ಗದ ಆಂಡ್ರಾಯ್ಡ್ ಸೆಟ್ ನಮ್ಮ ಕೌಂಟರ್ ತುಂಬ ಬಂದು ಕುಂತ್ವು. 2012ರಾಗ ಬಂದ ಆಂಡ್ರಾಯ್ಡ್ 4.1ನಾಗ ಕನ್ನಡ ಅಕ್ಷರ ಬರೋಬ್ಬರಿ ಮೂಡಾಕತ್ವು, ಅದಕ್ಕಿಂತ ಮೊದ್ಲ ಕನ್ನಡ ಮೆಸೇಜ್ ಬಂದ್ರ ಬರೇ ಚೌಕ ಚೌಕ ಡಬ್ಬಿ ಕಾಣ್ತಿದ್ವು. ಒಬ್ರು ಅಕ್ಕಾರು ಅಂಥಾ ಡಬ್ಬಿ ಸಾಲು ತೋರ್ಸಿ "ಇದು ಯಾವ ಭಾಷಾ ಐತ್ರಿ, ತೆಲುಗೇನು" ಅಂತ ಕೇಳಿದ್ದು ಇನ್ನೂ ನೆನಪೈತಿ.

ಸೋತ ಪಾಳ್ಯದೊಳಗಿನ ಒಂದು ಫೋನ್ ನಮ್ಮ ಮಾಮಾ ಒಬ್ರು ಸಾಲಿ ಮಾಸ್ತರಿಗೆ ಮಾರಿದ್ದ, ಕಂಪನಿ ಹೆಸ್ರು ಬ್ಯಾಡ ಬಿಡ್ರಿ. ಸೆಟ್ ಭಾಳ ಚಲೋ ಇತ್ತು, ಕೈಯಾಗ ಹಿಡಿದ್ರ ಬೆಣ್ಣಿಯಂಗ. ಕೆಲ ವರ್ಷದ ಮ್ಯಾಲ ಮಾಸ್ತರು ಬಂದು ಅದನ್ನ ಕೌಂಟರ್ ಮ್ಯಾಲ ಇಟ್ರು, ಒಂದು ಗೀರಿಲ್ಲ, ಕವರ್ ಸೈತ ಹೊಸದರಂಗ. "ಏನೂ ಕೆಟ್ಟಿಲ್ಲಪಾ, ಆದ್ರ ಏನೂ ನಡ್ಯಾಂಗಿಲ್ಲ" ಅಂದ್ರು. ಮಾಮಾಗ ಏನ್ ಹೇಳ್ಬೇಕು ತಿಳೀಲಿಲ್ಲ, ಚಾ ತರಿಸಿದ.

2015ರ ಜುಲೈದಾಗ ಮೈಕ್ರೋಸಾಫ್ಟ್ ನೋಕಿಯಾ ಫೋನ್ ಧಂಧೇದ 760 ಕೋಟಿ ಡಾಲರ್ ಲುಕ್ಸಾನ ಅಂತ ಪುಸ್ತಕದಾಗ ಬರ್ಕೊಂತು. ಉಳಿದಾವು ಎರಡ ಮನಿ, ಆಪಲ್ಲು, ಗೂಗಲ್ಲು. ಅಲ್ಲಿಗೆ ಅಧಿಕ ಮಾಸನೂ ಮುಗೀತು, ಡೆವಲಪರ್ ಮನಿಅಳಿಯ ಆದ. ಮನಿಅಳಿಯಾಗ ಯಾರು ಅನಾರಸ ಕೊಡ್ತಾರ್ರೀ? ನೀರು ತುಂಬು ಅಂತಾರ. ಸಣ್ಣವ್ರಿಗೆ ಅಂತ 2021ರಾಗ ಇಬ್ರೂ ಕಮಿಷನ್ 15 ಪರ್ಸೆಂಟಿಗೆ ಇಳಿಸಿದ್ರು, ಸುಳ್ಳ್ಯಾಕ ಹೇಳ್ಬೇಕು. ಆದ್ರ 2024ರ ಮಾರ್ಚ್ 1ಕ್ಕ ನೋಡ್ರಿ, ಫೀ ಜಗಳದಾಗ ಗೂಗಲ್ ನಮ್ಮ ದೇಶದ ದೊಡ್ಡ ದೊಡ್ಡ ಆ್ಯಪ್ ತೆಗೆದು ಹೊರಗ ಹಾಕ್ತು, ಭಾರತ್ ಮ್ಯಾಟ್ರಿಮೋನಿ, ಶಾದಿ ಅಂತ ಮದ್ವಿ ಮಾಡ್ಸೂ ಆ್ಯಪ್ ಸೈತ. ಜಗತ್ತಿಗೆ ಅಳಿಯನ್ನ ಹುಡುಕಿ ಕೊಡಾವ್ರನ್ನ ಬಾಗಲದ ಹೊರಗ ನಿಂದ್ರಿಸಿದಂಗ ಆತು. ಕೇಂದ್ರ ಸರ್ಕಾರ ನಡುವ ಬಂದ ಮ್ಯಾಲ ಕೆಲವ ದಿನದಾಗ ವಾಪಸ್ ಬಂದ್ವು. ಇದಕ್ಕಿಂತ ಮೊದ್ಲ 2022ರಾಗ ವ್ಯಾಪಾರದಾಗ ಪೈಪೋಟಿ ಸರಿ ನಡೀತೈತೇನಂತ ನೋಡೂ ಕಾಂಪಿಟಿಷನ್ ಕಮಿಷನ್ ಪ್ಲೇ ಸ್ಟೋರ್ ಬಿಲ್ಲಿಂಗ್ ಸಲುವಾಗಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತ್ತು, 2025ರಾಗ ಅಪೀಲಿನಾಗ ಅದು 216.69 ಕೋಟಿಗೆ ಇಳೀತು.

ಹಂಗಂತ ಆ 12 ಮಂದಿ ರೂಲ್ ತಪ್ಪಂತ ನಾ ಹೇಳಂಗಿಲ್ಲ. ನನ್ನ ಬಸ್ ಆ್ಯಪ್ ಅಂಥಾದ್ದನ್ನ ತಡ್ಯಾಕ ಯಾವ್ದರ ಬೇಲಿ ಬೇಕ ಬೇಕು. ಅಕ್ಕನ ಮಗನ ಮುಂದ ಇದನ್ನ ಹೇಳಿಲ್ಲ.

ಫೋನ್‌ಪೇದವ್ರ ಇಂಡಸ್ ಆ್ಯಪ್‌ಸ್ಟೋರ್‌ಗೆ ಹಾಕಲೇ, ಅದು ಕನ್ನಡ ಸೇರಿ 12 ಭಾಷಾದಾಗ ಐತಿ ಅಂದೆ. "ಐತಿ ಮಾಮಾ, ಆದ್ರ ದೊಡ್ಡಪ್ಪನ ಫೋನಿನಾಗ ಪ್ಲೇ ಸ್ಟೋರ್ ಬಿಟ್ಟು ಬ್ಯಾರೆ ಯಾವ್ದೂ ಇಲ್ಲಲ್ಲ" ಅಂದ. ಮತ್ತ ಅದ ಮಾತು.

ಕಡೀಕ ಟೆಸ್ಟರ್ ಪಟ್ಟಿ ಹಿಂಗಾತು. ನಾನು, ನನ್ನ ಹೆಂಡ್ತಿ, ಅವ್ವ, ಸೋದರಮಾವ (ಈಗ ಅಂಗಡ್ಯಾಗ ಕವರು, ಗ್ಲಾಸು ಹಚ್ಚೂದಷ್ಟ ಉಳದೈತಿ), ಹುಡುಗನ ನಾಲ್ಕು ದೋಸ್ತರು, ಅವರ ಹಾಸ್ಟೆಲ್ ಅಡಗಿ ಮಾಡಾಂವ, ಅಕ್ಕ, ಮಾವನೋರು, ಮತ್ತ ಮಹಾಲಿಂಗಪುರ ಕಡೆ ಗಾಣ ನಡಸೂ ಹುಡುಗನ ದೊಡ್ಡಪ್ಪ. ಖರೆ ಹೇಳ್ಬೇಕಂದ್ರ ಬೆಲ್ಲದ ರೇಟ್ ಬೇಕಾಗಿದ್ದದ್ದು ಈ 12 ಮಂದ್ಯಾಗ ಅವ್ರೊಬ್ರಿಗೆ. ಅವ್ವ ದಿನಾ ಮುಂಜಾನೆ ದೇವ್ರಿಗೆ ದೀಪ ಹಚ್ಚಿ, ಫೋನ್ ತಗೊಂಡು ಆ್ಯಪಿನ ಬೆಲ್ಲದ ಪೆಂಟಿ ಚಿತ್ರ ಒತ್ತಿ, "ಒತ್ತೀನಪಾ" ಅಂತ ಮೊಮ್ಮಗಗ ವಾಯ್ಸ್ ಮೆಸೇಜ್ ಕಳಸ್ತಿದ್ಲು. 14 ದಿನಾ ಒಂದೂ ತಪ್ಪಿಸ್ಲಿಲ್ಲ.

ಹೋದ ವಾರ ಆ್ಯಪ್ ಸ್ಟೋರಿಗೆ ಬಂತು. ಹುಡುಗ ಖುಷಿಲೆ ದೊಡ್ಡಪ್ಪಗ ಫೋನ್ ಮಾಡ್ಯಾನ, ಸ್ಪೀಕರ್ ಹಾಕಿದ್ದಕ್ಕ ನಾವೂ ಕೇಳಿದ್ವಿ. ಹಿಂದ ಗಾಣದ ಸಪ್ಪಳ ಬರಾಕತ್ತಿತ್ತು.

"ಚಲೋ ಮಾಡೀದಿ ತಮ್ಮಾ, ಭಾಳ ಚಲೋ ಆತು. ಆದ್ರ ದಿನಾ ಅದನ್ನ ತೆಗೆದು ನೋಡೂದು ಈ ಬೆಲ್ಲದ ಕೈಲೆ ಎಲ್ಲಿ ಆಗ್ತೈತೋ. ನೀ ಹಿಂಗ ಮಾಡು, ಸಂಜಿಮುಂದ ರೇಟ್ ಎಷ್ಟಾತು ಅಂತ ವಾಟ್ಸಾಪಿಗೆ ಒಗದುಬಿಡು."