486ರ ಸೀರಿಯಲ್ ಪೋರ್ಟ್ ಕೊನೆಗೂ ಮಾತಾಡಿತು

ನನ್ನ ಹಳೆ 486 ಕಂಪ್ಯೂಟರಿನ ಕಾಮ್1 (ಮೊದಲ ಸೀರಿಯಲ್ ಪೋರ್ಟ್, ಡೇಟಾವನ್ನು ಒಂದೊಂದೇ ಬಿಟ್ ಆಗಿ ಕಳಿಸುವ ಕಿಂಡಿ) ಸರಿಯಾಯ್ತು ಮಾರಾಯ್ರೆ! ಕಳಿಸಿದ ಅಕ್ಷರ ಹಾಗೇ ವಾಪಸ್ ಬಂತು.

ಪ್ರಿಂಟರ್ ಪೋರ್ಟ್ ಕಾಟ ಕೊಡಲಿಲ್ಲ. ಎರಡೂ ಥರದ ಪೋರ್ಟ್ ಇರುವ ಐಎಸ್ಎ (ಹಳೆ ಕಾಲದ ಸ್ಲಾಟ್) ಮಲ್ಟಿ ಐ/ಓ ಕಾರ್ಡಿನ ಜಂಪರ್ (ಸೆಟ್ಟಿಂಗ್ ಬದಲಿಸುವ ಪುಟ್ಟ ಕೊಂಡಿ) 378 ವಿಳಾಸಕ್ಕೆ, ಐಆರ್‌ಕ್ಯೂ (ಸಿಪಿಯುವನ್ನು ಕರೆಯುವ ಲೈನ್) 7ಕ್ಕೆ ಹಾಕಿದೆ, ಸೌಂಡ್ ಕಾರ್ಡನ್ನು 5ರಲ್ಲಿ ಬಿಟ್ಟೆ, ಡಾಟ್ ಮ್ಯಾಟ್ರಿಕ್ಸ್ ಕರಕರ ಶುರು ಮಾಡಿತು. ತಲೆ ತಿಂದದ್ದು ಸೀರಿಯಲ್.

ಡೀಬಗ್‌ನಲ್ಲಿ (ಮೆಮೊರಿ ತೋರಿಸುವ ಡಾಸ್ ಪ್ರೋಗ್ರಾಮ್) 40:0 ಎಂಬಲ್ಲಿ ನೋಡಿದರೆ ಎಫ್8 03 ಎಫ್8 02 ಇದೆ, ಇವು ಸೀರಿಯಲ್ ಪೋರ್ಟ್‌ಗಳ ವಿಳಾಸ. ಅಂದರೆ ಕಂಪ್ಯೂಟರ್ ಶುರು ಮಾಡುವ ಬಯಾಸ್‌ಗೆ ಎರಡೂ ಪೋರ್ಟ್ ಸಿಕ್ಕಿವೆ. ಮೋಡ್ ಕಮಾಂಡಿನಲ್ಲಿ ವೇಗ ಇತ್ಯಾದಿ 9600, ಎನ್, 8, 1 ಎಂದು ಕೊಟ್ಟಾಗಿದೆ. ಕಾಮ್3 ಕೂಡ ಕಾಮ್1ರ ಹಾಗೆ ಐಆರ್‌ಕ್ಯೂ 4ನ್ನೇ ಕೇಳುತ್ತದೆ, ಐಎಸ್ಎಯಲ್ಲಿ ಒಂದೇ ಐಆರ್‌ಕ್ಯೂಗೆ ಇಬ್ಬರು ಬಂದರೆ ಜಗಳ ಗ್ಯಾರಂಟಿ, ಅದಕ್ಕೆ ಕಾಮ್3ರಲ್ಲಿದ್ದ ಇಂಟರ್ನಲ್ ಮೋಡೆಮ್ ಮೊದಲೇ ತೆಗೆದಿಟ್ಟಿದ್ದೆ. ಆದರೂ ಪೋರ್ಟಿನ 2 (ಪಡೆಯುವ) ಮತ್ತು 3ನೇ (ಕಳಿಸುವ) ಪಿನ್ ಸೇರಿಸಿ ಲೂಪ್‌ಬ್ಯಾಕ್ ಪರೀಕ್ಷೆ ಮಾಡಿದರೆ ಏನೂ ವಾಪಸ್ ಬರುವುದಿಲ್ಲ. ಸಿಗ್ನಲ್ ಹೊರಗೆ ಕಳಿಸುವ 1488 ಚಿಪ್‌ಗೆ ಮೈನಸ್ 12 ವೋಲ್ಟ್ ಬೇಕಲ್ವಾ, ಎಸ್‌ಎಂಪಿಎಸ್‌ನ (ಪವರ್ ಸಪ್ಲೈ) ನೀಲಿ ವೈರ್ ನೋಡಿದೆ, ಅದೂ ಸರಿ ಇತ್ತು. ನಮ್ಮ ಮಂಗಳೂರಿನ ಉಪ್ಪುಗಾಳಿ ಮೇಲೆ ಅನುಮಾನ ಬಂದು ಕಾಂಟ್ಯಾಕ್ಟ್ ಎಲ್ಲ ಉಜ್ಜಿದ್ದೂ ಆಯ್ತು.

ಆಮೇಲೆ ಮಲ್ಟಿಮೀಟರ್ ಹಿಡಿದು ಡಿಬಿ9ರ (ಹಿಂಬದಿಯ 9 ಪಿನ್ನಿನ ಕನೆಕ್ಟರ್) 5ನೇ ಪಿನ್ನಿಂದ ಕ್ಯಾಬಿನೆಟ್ಟಿಗೆ ನೋಡಿದೆ. ಅದು ಗ್ರೌಂಡ್, ಬೀಪ್ ಆಗಲೇಬೇಕು. ಆಗಲಿಲ್ಲ. ಬೀಪ್ ಆದದ್ದು 3ನೇ ಪಿನ್! ಅಲ್ಲಿರಬೇಕಾದ ಮೈನಸ್ ವೋಲ್ಟೇಜ್ 2ರಲ್ಲಿ ಕೂತಿತ್ತು. ಹಾಗಾದರೆ ಕಾರ್ಡ್ ಸರಿ ಇದೆ, ಕಾರ್ಡಿನ ಹೆಡರಿನಿಂದ (ಪಿನ್ನುಗಳ ಸಾಲು) ಡಿಬಿ9ಗೆ ಬರುವ ರಿಬ್ಬನ್ ಕೇಬಲ್ ಬೇರೆ ಜಾತಿಯದು. ಇದರಲ್ಲಿ ಎರಡು ಥರ ಇದೆ. ಒಂದರಲ್ಲಿ ಹೆಡರಿನ 1ರಿಂದ 9 ನೇರವಾಗಿ ಡಿಬಿ9ರ 1ರಿಂದ 9ಕ್ಕೆ. ಇನ್ನೊಂದರಲ್ಲಿ ರಿಬ್ಬನ್ನನ್ನು ಹಾಗೇ ಕನೆಕ್ಟರಿಗೆ ಒತ್ತಿರುತ್ತಾರೆ, ಹೆಡರಿನ 2 ಹೋಗಿ 6ಕ್ಕೆ, 3 ಹೋಗಿ 2ಕ್ಕೆ, 5 ಹೋಗಿ 3ಕ್ಕೆ ಸೇರುತ್ತದೆ. ನನ್ನ ಕಾರ್ಡಿಗೆ ಬೇಕಾದದ್ದು ಮೊದಲನೆಯದು. ಹಂಪನಕಟ್ಟೆಯ ಅಂಗಡಿಯವರು "ಎಲ್ಲಾ ಕಾರ್ಡಿಗೂ ಆಗ್ತದೆ" ಎಂದು ಕೊಟ್ಟದ್ದು ಎರಡನೆಯದು. ಯಾವ ಪಿನ್ ಎಲ್ಲಿಗೆ ಎಂದು ಒಂದು ಚೀಟಿ ಹಾಕಿ ಕೊಡಲು ಏನು ಕಷ್ಟವೋ!

ಡಿಬಿ9 ಕತ್ತರಿಸಿ ಹೊಸದನ್ನು ಮೊದಲನೆಯ ಥರಕ್ಕೆ ಬೆಸುಗೆ ಹಾಕಿದೆ. ಕೂಡಲೇ ಲೂಪ್‌ಬ್ಯಾಕ್ ಬಂತು. ನೀವು ಜಂಪರ್ ಮುಟ್ಟುವ ಮೊದಲು ಆ 5ನೇ ಪಿನ್ ನೋಡಿ, ಸುಮ್ನೆ ಟೈಮ್ ಹಾಳಾಗುವುದಿಲ್ಲ.

ಇನ್ನು ಪ್ರಿಂಟರಿನಲ್ಲಿ ಕನ್ನಡ ಮೂಡಿಸಬೇಕು. 9 ಪಿನ್ನಿನ ಗ್ರಾಫಿಕ್ಸ್‌ನಲ್ಲಿ ಒಂದು ಸಲಕ್ಕೆ 8 ಚುಕ್ಕಿ ಎತ್ತರ ಅಷ್ಟೇ, ಒತ್ತಕ್ಷರಕ್ಕೆ ಅದು ಸಾಲದು. ಲೈನ್ ಗ್ಯಾಪನ್ನು 24/216 ಇಂಚಿಗೆ ಇಟ್ಟು ಒಂದು ಸಾಲನ್ನು ಮೂರು ಓಟದಲ್ಲಿ ಹೊಡೆಯುವ ಯೋಚನೆ ಇದೆ. ಅದಕ್ಕೂ ಮೊದಲು ನಲ್ ಮೋಡೆಮ್ ಕೇಬಲ್ (ಎರಡು ಕಂಪ್ಯೂಟರನ್ನು ನೇರ ಜೋಡಿಸುವುದು) ಮಾಡಿ ಡಾಸ್‌ನ ಫೈಲ್ ಸಾಗಿಸುವ ಪ್ರೋಗ್ರಾಮ್ ಇಂಟರ್‌ಲಿಂಕ್‌ನಲ್ಲಿ ಹಳೆ ಲ್ಯಾಪ್‌ಟಾಪಿನ ಫೈಲ್ ಎಳೆಯಬೇಕು. ಕಾರ್ಡಿನಲ್ಲಿರುವ ಸೀರಿಯಲ್ ಚಿಪ್ 16450, ಫಿಫೋ (ಬಂದ ಅಕ್ಷರ ಕೂಡಿಡುವ ಜಾಗ) ಇಲ್ಲ, ಸ್ಪೀಡ್ ಏರಿಸಿದರೆ ಅಕ್ಷರ ಬಿಟ್ಟುಹೋಗುವ ಭಯ. ಚಿಪ್ ಸಾಕೆಟ್‌ನಲ್ಲೇ ಇದೆ. ಮಂಗಳೂರು, ಉಡುಪಿ ಕಡೆ ಯಾರ ಹತ್ರ ಆದರೂ ಫಿಫೋ ಇರುವ 40 ಪಿನ್ನಿನ 16550ಎ ಇದ್ದರೆ ಹೇಳಿ, ನಾನೇ ಬಂದು ತಗೊಳ್ತೇನೆ.