ಸೋಮವಾರದ ಚೀಟಿ

ನಮ್ಮ ಗಣಿತದ ಮಾಸ್ತರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರು ಕಲಿಸಿದ ಪ್ರಮೇಯ ಒಂದೂ ನನಗೆ ನೆನಪಿಲ್ಲ, ಅದೂ ಇಷ್ಟು ವರ್ಷ ಬೆಂಗಳೂರಿನಲ್ಲಿ ಇಂಜಿನಿಯರ್ ಅಂತ ಅನ್ನ ತಿಂದವನಿಗೆ! ನೆನಪಿರುವುದು ಸೋಮವಾರದ ಚೀಟಿ.

ಎಂಬತ್ತರ ದಶಕದ ಕೊನೆ, ಯಲ್ಲಾಪುರ ತಾಲೂಕು. ತರಗತಿಯಲ್ಲಿ ಹವ್ಯಕರು, ನಾಮಧಾರಿಗಳು, ಮರಾಠಿಗರು, ಗೌಳಿಗರು, ಪೇಟೆಯ ಮುಸ್ಲಿಂ ಹುಡುಗರು, ಮತ್ತೆ ಕಾಡಿನ ದಾರಿಯಲ್ಲಿ ನಡೆದು ಬರುತ್ತಿದ್ದ ಮೂವರು ಸಿದ್ದಿಗಳು. ಆ ಮೂವರಲ್ಲಿ ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್, ಒಬ್ಬ ಮುಸ್ಲಿಂ. ಹಾಜರಿ ಪುಸ್ತಕದಲ್ಲಿ ಮಾತ್ರ ಮೂವರ ಅಡ್ಡಹೆಸರೂ ಸಿದ್ದಿ. ಪೋರ್ಚುಗೀಸರು ಇವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದು, ತಪ್ಪಿಸಿಕೊಂಡವರು ನಮ್ಮ ಘಟ್ಟದ ಕಾಡು ಸೇರಿದ್ದು, ಇದನ್ನೆಲ್ಲ ನಮಗೆ ಯಾರೂ ಹೇಳಿರಲಿಲ್ಲ. ನಮಗೆ ಕಂಡದ್ದು ಗುಂಗುರು ಕೂದಲು, ಅಷ್ಟೇ.

ಆ ಕೂದಲಿನಲ್ಲಿ ಪೆನ್ಸಿಲ್ ಸಿಕ್ಕಿಸಿ ಬೀಳುತ್ತದೋ ಇಲ್ಲವೋ ಅಂತ ಪಂದ್ಯ ಕಟ್ಟುವುದು ಹುಡುಗರ ಆಟ. ಕ್ರಿಶ್ಚಿಯನ್ ಸಿದ್ದಿ ಹುಡುಗ ಮಹಾ ಚಾಲಾಕಿ. ನಿಂತ ಪೆನ್ಸಿಲ್ ವಾಪಸ್ ಇಲ್ಲ ಅಂತ ಅವನೇ ಕಾನೂನು ಮಾಡಿದ. ಒಂದು ದಿನ ತಲೆ ತುಂಬ ಪೆನ್ಸಿಲ್ ಇಟ್ಟುಕೊಂಡು ಕೂತಿದ್ದಾಗಲೇ ಮಾಸ್ತರು ಒಳಗೆ ಬಂದರು. ನಮಗೆ ಬೆತ್ತ ಗ್ಯಾರಂಟಿ ಅಂದುಕೊಂಡೆವು. ಅವರು ನೋಡಿದರು, ಏನೂ ಅನ್ನಲಿಲ್ಲ, ಲೆಕ್ಕ ಮಾಡಿಸಿ ಹೋದರು. ಮುಂದಿನ ಸೋಮವಾರ ಸುಣ್ಣದ ಕಡ್ಡಿಯ ಡಬ್ಬಿಯಲ್ಲಿ ಎಲ್ಲರ ನಂಬರು ಹಾಕಿ ಚೀಟಿ ಎತ್ತಿಸಿದರು. ಯಾರ ಪಕ್ಕ ಯಾರು ಬಂದರೋ ಆ ವಾರ ಪೂರ್ತಿ ಅಲ್ಲೇ ಪಾಠ, ಅಲ್ಲೇ ಊಟ. ಆಗ ಬಿಸಿಯೂಟ ಇರಲಿಲ್ಲ, ಜಾತಿಗೊಂದು ಮರದ ನೆರಳು ಹಿಡಿದು ಬುತ್ತಿ ಬಿಚ್ಚುತ್ತಿದ್ದವರು ನಾವು. ಎರಡು ಮನೆಯಿಂದ ತಕರಾರು ಬಂತು. ಮಾಸ್ತರು ಚಾ ಕುಡಿಸಿ ಕಳಿಸಿದರು, ಚೀಟಿ ಮಾತ್ರ ಬಿಡಲಿಲ್ಲ.

ಡ್ರಿಲ್ ಮಾಸ್ತರದು ಬೇರೆಯೇ ಕಥೆ. ಭಾರತೀಯ ಕ್ರೀಡಾ ಪ್ರಾಧಿಕಾರದವರು ಓಟಕ್ಕೆ ಸಿದ್ದಿ ಮಕ್ಕಳನ್ನು ಆರಿಸುತ್ತಿದ್ದ ಕಾಲ ಅದು. ಸಿದ್ದಿ ಹುಡುಗ ಕಂಡರೆ ಸಾಕು, ಸೀಟಿ ಊದಿ ಮೈದಾನ ಸುತ್ತಿಸುತ್ತಿದ್ದರು. ಪಾಪ, ನಮ್ಮ ಪೆನ್ಸಿಲ್ ಗೆಳೆಯನಿಗೆ ಓಟ ಅಂದರೆ ಆಗದು, ಅವನಿಗೆ ಬೀಜಗಣಿತದ ಹುಚ್ಚು. ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆಯುತ್ತಿದ್ದವನು ಅವನೊಬ್ಬನೇ (ಎರಡನೇ ನಂಬರು ಯಾವಾಗಲೂ ನನ್ನದೇ, ಬೇಕಿದ್ದರೆ ಹಳೇ ರಿಜಿಸ್ಟರ್ ತೆಗೆದು ನೋಡಿ). 2003ರಲ್ಲಿ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರುವ ಹೊತ್ತಿಗೆ ಅವನಿಗೆ ನೌಕರಿಯ ವಯಸ್ಸು ದಾಟುತ್ತಾ ಬಂದಿತ್ತು. ಈಗ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾನೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅವನಿಗೆ ಅಭಿನಂದನೆ ಕಳಿಸಿದರು. 'ಅವರು ನನ್ನ ಮಾವ ಅಲ್ಲ ಮಾರಾಯ್ರೇ' ಅಂತ ಉತ್ತರ ಬಂತು.

ಮಾಸ್ತರ ನೆನಪಿಗೆ ನಾವೆಲ್ಲ ಸೇರಿದ ದಿನ, ನಮ್ಮ ಕಾಲದಲ್ಲಿ ಭೇದವೇ ಇರಲಿಲ್ಲ ಅಂತ ಒಬ್ಬ ಭಾಷಣ ಶುರು ಮಾಡಿದ. ಗೆಳೆಯ ತಡೆದ. 'ಚೀಟಿ ಇತ್ತು, ಅದಕ್ಕೇ ಕೂತಿರಿ. ಇಲ್ಲದಿದ್ದರೆ ಕೂರ್ತಿದ್ರಾ?' ಯಾರೂ ಬಾಯಿ ಬಿಡಲಿಲ್ಲ.

ಈಗಿನ ಮಕ್ಕಳಿಗೆ ಆ ಚೀಟಿಯೂ ಇಲ್ಲ. ದುಡ್ಡಿದ್ದವರ ಮಕ್ಕಳನ್ನು ಹಳದಿ ಬಸ್ಸು ಮನೆ ಬಾಗಿಲಿನಿಂದಲೇ ಒಯ್ಯುತ್ತದೆ, ಕನ್ನಡ ಶಾಲೆಗೆ ಉಳಿದವರು ಮಾತ್ರ. ಪಕ್ಕ ಕೂರಿಸೋಣ ಅಂದರೆ ಬೇರೆ ಮನೆಯ ಮಗು ತರಗತಿಯಲ್ಲಿ ಇರಬೇಕಲ್ವಾ?

ಡಿಸೆಂಬರಿನಲ್ಲಿ ಮಾಸ್ತರ ಹೆಸರಲ್ಲಿ ಕಬಡ್ಡಿ ಇಡೋಣ ಎಂದಿದ್ದೇನೆ. ಕಪ್ಪಿನ ಖರ್ಚು ನನ್ನದು. ತಂಡಗಳನ್ನು ಮಾತ್ರ ಕೇರಿವಾರು ಮಾಡಬೇಡಿ, ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿ.